ಎಳೆ ಬಲ್ಲವರ ಎದುರು

ನವಿ ಮುಂಬಯಿಯ ಐರೋಲಿಯ ನಮ್ಮ ಮನೆಗೆ ಹೊಸದಾಗಿ ಬಂದವರು ಹಾಲ್‌ನ ಗೋಡೆ ನೋಡಿದ ಕೂಡಲೇ "ವರ್ಲಿ ಎಷ್ಟು ಚೆನ್ನಾಗಿದೆ!" ಎನ್ನುತ್ತಾರೆ. ಇದು ವರ್ಲಿಯಲ್ಲ, ನಮ್ಮ ಸಾಗರ ಸೀಮೆಯ ಹಸೆ ಚಿತ್ತಾರ ಎಂದು ನಾನು ತಿಳಿಸುತ್ತೇನೆ. ಹಾಗೆ ಕರೆದರೆಂದು ನನಗೆ ಬೇಸರವೇನೂ ಇಲ್ಲ. ಎರಡೂ ಮದುವೆ ಮನೆಯ ಮಣ್ಣುಗೋಡೆಯ ಮೇಲೆ ಹುಟ್ಟಿದವು. ಎರಡರಲ್ಲೂ ಬಿಳಿ ಬಣ್ಣವೆಂದರೆ ಅಕ್ಕಿಯ ಹಿಟ್ಟು. ಎರಡನ್ನೂ ಬರೆಯುತ್ತಿದ್ದವರು ಹೆಂಗಸರು. ಒಂದು ಸಹ್ಯಾದ್ರಿಯ ಈ ತುದಿಯದು, ಇನ್ನೊಂದು ಅದೇ ಬೆಟ್ಟಸಾಲಿನ ದಕ್ಷಿಣದ್ದು. ಇವೆರಡರ ನಡುವೆ ಬದುಕುತ್ತಿರುವ ನನಗೆ ಬಹಳ ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆಯೊಂದಿದೆ. ಚಿಕ್ಕ ಊರಿನಲ್ಲಿ, ಎಲ್ಲರೂ ಎಲ್ಲರನ್ನೂ ಬಲ್ಲ ಕಡೆ, ಇಲ್ಲಿಯವರೆಗೆ ಯಾರೂ ಮಾಡದ್ದನ್ನು ಮಾಡಲು ಒಬ್ಬ ಕಲಾವಿದೆಗೆ ಧೈರ್ಯ ಎಲ್ಲಿಂದ ಬರುತ್ತದೆ?

ನಮ್ಮ ದೀವರ ಮನೆಗಳಲ್ಲಿ ಮದುವೆ ಗೊತ್ತಾಯಿತೆಂದರೆ ಗೋಡೆಗೆ ಕೆಮ್ಮಣ್ಣು ಬಳಿಯುವುದರಿಂದಲೇ ಕೆಲಸ ಶುರು. ಮದುಮಕ್ಕಳನ್ನು ಹಸೆಗೆ ಕೂರಿಸುವ ಜಾಗದ ಹಿಂದಿನ ಗೋಡೆಗೆ ಚಿತ್ತಾರ ಬರೆಯಬೇಕು. ಬಿಳಿಗೆ ಅಕ್ಕಿ, ಕಪ್ಪಿಗೆ ಸೀಯುವಷ್ಟು ಹುರಿದ ಅಕ್ಕಿ, ಕೆಂಪಿಗೆ ಕೆಮ್ಮಣ್ಣು, ಹಳದಿಗೆ ಗುರಿಗೆ ಕಾಯಿ. ಪುಂಡಿ ನಾರನ್ನು ಜಜ್ಜಿ ಕುಂಚ ಮಾಡಿಕೊಂಡು ಚಿತ್ತಾರಗಿತ್ತಿ ಕೂತಳೆಂದರೆ ಸುತ್ತಲಿನವರು ಹಾಡು ಎತ್ತಿಕೊಳ್ಳುತ್ತಿದ್ದರು. ಭೂಮಿ ಹುಣ್ಣಿಮೆ ಬಂದರೆ ಇದೇ ಕೈಗಳು ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದವು. ಬಸುರಿಯಾದ ಗದ್ದೆಗೆ ಬಯಕೆಯ ಊಟ ಹೊತ್ತೊಯ್ಯುವ ಬುಟ್ಟಿ ಅದು. ಹೀಗೆ ನಮ್ಮಲ್ಲಿ ಚಿತ್ರಕ್ಕೊಂದು ದಿನವಿತ್ತು, ಜಾಗವಿತ್ತು, ಕಾರಣವಿತ್ತು. ಕಾರಣವಿಲ್ಲದ ದಿನ ಸುಮ್ಮನೆ ಗೋಡೆ ಮೇಲೆ ಹಸೆ ಬರೆಯುವುದನ್ನು ನಾನು ಊರಿನಲ್ಲಿ ಕಂಡದ್ದಿಲ್ಲ.

ವರ್ಲಿಗಳಲ್ಲೂ ಹಾಗೆಯೇ. ಮದುವೆಯ ಹೊತ್ತಿಗೆ ಮುತ್ತೈದೆಯರು ಗೋಡೆಯ ಮೇಲೆ ಚೌಕ ಬರೆದು ಅದರೊಳಗೆ ಪಾಲಘಾಟ ದೇವಿಯನ್ನು ಕೂರಿಸುತ್ತಾರೆ. ಆ ಚೌಕವಿಲ್ಲದೆ ಮದುವೆಯಿಲ್ಲ. ಇಂಥ ಕಟ್ಟುಪಾಡಿನ ಊರಿನಲ್ಲಿ, ಡಹಾಣು ತಾಲ್ಲೂಕಿನ ಗಂಜಾಡದಲ್ಲಿ, ಜಿವ್ಯಾ ಸೋಮಾ ಮಾಶೆ ಎಂಬ ಗಂಡಸು ಮದುವೆಯಿಲ್ಲದ ದಿನಗಳಲ್ಲೂ ಚಿತ್ರ ಬರೆಯತೊಡಗಿದರು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ಮೇಲೆ ಅವರು ಕೆಲವು ವರ್ಷ ಮಾತೇ ಆಡಲಿಲ್ಲವಂತೆ. ನೆಲದ ಮಣ್ಣಿನಲ್ಲಿ ಗೆರೆ ಎಳೆದು ತಮಗೆ ಬೇಕಾದ್ದನ್ನು ತಿಳಿಸುತ್ತಿದ್ದರಂತೆ. 1970ರ ದಶಕದ ಮೊದಲಲ್ಲಿ ಕಲಾವಿದ ಭಾಸ್ಕರ ಕುಲಕರ್ಣಿಯವರು ವರ್ಲಿ ಹೆಂಗಸರ ಚಿತ್ರಗಳನ್ನು ಹುಡುಕಿಕೊಂಡು ಆ ಕಡೆ ಬಂದಾಗ ಮಾಶೆಯವರ ಕೈಗೆ ಕಾಗದ ಸಿಕ್ಕಿತು. ಗೋಡೆಯಲ್ಲಿ ಕಾಣದ ವಿಷಯಗಳು ಆಮೇಲೆ ಒಂದೊಂದಾಗಿ ಬಂದವು. ಬಟ್ಟೆಗೆ ಸೆಗಣಿ ಬಳಿದು ಅದರ ಮೇಲೆ ಅವರು ಬರೆದ ಮೀನುಬಲೆಯ ಚಿತ್ರವನ್ನು ನೋಡಿದವರು ಮರೆಯಲಾರರು. ಸಣ್ಣ ಸಣ್ಣ ಗೆರೆ ಸೇರಿ ಇಡೀ ಬಲೆಯೇ ಉಸಿರಾಡುವಂತೆ ಕಾಣುತ್ತದೆ. 1989ರಲ್ಲಿ ಪ್ಯಾರಿಸ್ಸಿನ ಪಾಂಪಿದೂ ಕೇಂದ್ರದ ದೊಡ್ಡ ಪ್ರದರ್ಶನದಲ್ಲಿ ಅವರ ಚಿತ್ರಗಳಿದ್ದವು. 2011ರಲ್ಲಿ ಪದ್ಮಶ್ರೀ ಬಂತು. 2018ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಸೀಮೆಯನ್ನು ಬಿಟ್ಟು ಬೇರೆ ಕಡೆ ಮನೆ ಮಾಡಲಿಲ್ಲ.

2014ರಲ್ಲಿ ಪಾಲಘರ್ ಬೇರೆ ಜಿಲ್ಲೆಯಾಗುವವರೆಗೆ ಗಂಜಾಡ ಮತ್ತು ಐರೋಲಿ ಎರಡೂ ಠಾಣೆ ಜಿಲ್ಲೆಯಲ್ಲೇ ಇದ್ದವು. ಇದು ನನಗೆ ಬರೀ ಆಡಳಿತದ ವಿಷಯವಲ್ಲ. ನಾನು ಬಾಡಿಗೆ ಕಟ್ಟಿ, ರೇಷನ್ ಕಾರ್ಡ್ ಮಾಡಿಸಿ, ನನ್ನದೆಂದುಕೊಂಡ ಜಿಲ್ಲೆಯಲ್ಲೇ ಈ ಸಾಹಸ ನಡೆದಿತ್ತು ಎಂಬುದು ನನ್ನ ಕುಂಚಕ್ಕೆ ಬಲ ಕೊಟ್ಟಿದೆ.

ಊರಿನಲ್ಲಿ ಹೊಸದು ಮಾಡುವುದರ ಅಪಾಯ ಎಂಥದೆಂದು ಪಟ್ಟಣದಲ್ಲೇ ಬೆಳೆದವರಿಗೆ ತಿಳಿಸಿ ಹೇಳಬೇಕಾಗುತ್ತದೆ. ಮುಂಬಯಿಯಲ್ಲಿ ಒಂದು ನಾಟಕ ಸೋತರೆ ನೋಡಿದವರು ಲೋಕಲ್ ಹತ್ತಿ ಅವರವರ ಸ್ಟೇಷನ್ನಿನಲ್ಲಿ ಇಳಿದು ಹೋಗುತ್ತಾರೆ. ಅವರಲ್ಲಿ ಹೆಚ್ಚಿನವರನ್ನು ನೀವು ಮತ್ತೆಂದೂ ಕಾಣುವುದಿಲ್ಲ. ಊರಿನಲ್ಲಿ ಸೋತರೆ ಮಾರನೆಯ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದಾಗ ಅದೇ ಪ್ರೇಕ್ಷಕರು ಸಾಲಿನಲ್ಲಿ ನಿಂತಿರುತ್ತಾರೆ. ಸೊಸೈಟಿಯ ಸಾಲಕ್ಕೆ ಜಾಮೀನು ಹಾಕಬೇಕಾದವರು ಅವರೇ, ನಾಟಿಗೆ ಮುಯ್ಯಾಳಾಗಿ ಬರುವವರು ಅವರೇ, ಮಗಳಿಗೆ ಗಂಡು ತೋರಿಸುವವರೂ ಅವರೇ. ಚಿತ್ರ ಶಾಸ್ತ್ರಕ್ಕೆ ಸೇರಿದ್ದಾದರಂತೂ ಇನ್ನೂ ಕಷ್ಟ. ಹಸೆ ಕೆಟ್ಟರೆ ಮದುವೆಗೆ ಕೇಡು ಎಂಬ ಹೆದರಿಕೆ ನೋಡುವವರ ಎದೆಯಲ್ಲಿರುತ್ತದೆ. ಆ ಹೆದರಿಕೆಯನ್ನು ಹಗುರವಾಗಿ ಕಾಣುವವರು ಊರಿನ ಕಲೆಯನ್ನು ಮುಟ್ಟಬಾರದು ಎಂದೇ ನನ್ನ ಭಾವನೆ.

ಆದರೆ ಅದೇ ಊರಿನಲ್ಲಿ ಪಟ್ಟಣಕ್ಕಿಲ್ಲದ ಒಂದು ಸಂಪತ್ತಿದೆ. ಅಲ್ಲಿ ನೋಡುವವರಿಗೆ ಎಳೆ, ಎಂದರೆ ಚಿತ್ತಾರದ ಗೆರೆ, ಗೊತ್ತು. ಎಲ್ಲಿ ದಪ್ಪವಾಯಿತು, ಎಲ್ಲಿ ಎಣಿಕೆ ತಪ್ಪಿತು, ಎಲ್ಲಿ ಬೇಕೆಂದೇ ಬದಲಾಯಿಸಿದ್ದಾಳೆ, ಎಲ್ಲಿ ಕೈ ಸೋತು ಬದಲಾಗಿದೆ ಎಂಬುದು ಅವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಹಳೆಯದನ್ನು ಬಲ್ಲವರ ಎದುರಿನಲ್ಲಿ ಮಾತ್ರ ಹೊಸದು ಹೊಸದಾಗಿ ಕಾಣುತ್ತದೆ. ಕಟ್ಟುಪಾಡೇ ಗೊತ್ತಿಲ್ಲದವರ ಮುಂದೆ ಅದನ್ನು ಮುರಿದರೆ ಯಾರಿಗೂ ನೋವಾಗದು, ಯಾರಿಗೂ ಹಿಗ್ಗಾಗದು. ಹಾಗಾಗಿ ಚಿಕ್ಕ ಊರು ಪ್ರಯೋಗಕ್ಕೆ ತಕ್ಕ ಜಾಗವಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಪ್ರಯೋಗದ ನಿಜವಾದ ಪರೀಕ್ಷೆ ನಡೆಯುವುದೇ ಅಲ್ಲಿ.

ಇದನ್ನು ನಾನು ಕಲಿತದ್ದು ಹೆಗ್ಗೋಡಿನ ಪಕ್ಕದಲ್ಲಿ ಬೆಳೆದದ್ದರಿಂದ. ಸಾಗರದಿಂದ ಕೆಲವೇ ಕಿಲೋಮೀಟರ್ ದೂರದ, ಅಡಿಕೆ ತೋಟಗಳ ನಡುವಿನ ಆ ಊರಿನಲ್ಲಿ 1949ರಲ್ಲಿ ಕೆಲವರು ಸೇರಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಅದೇ ನೀನಾಸಮ್ ಆಯಿತು. ಕೆ. ವಿ. ಸುಬ್ಬಣ್ಣನವರು ಮೈಸೂರಿನಲ್ಲಿ ಓದಿ ಊರಿಗೇ ಮರಳಿದರು. ಊರಿನವರಿಗೆ ಇಷ್ಟು ಸಾಕು ಎಂದುಕೊಂಡು ಸುಲಭದ್ದನ್ನು ಕೊಡಲು ಅವರು ಒಪ್ಪಲಿಲ್ಲ. ಕಾಳಿದಾಸ, ಶೇಕ್ಸ್‌ಪಿಯರ್, ಬ್ರೆಕ್ಟ್ ಎಲ್ಲರೂ ಅಡಿಕೆ ಬೆಳೆಯುವವರ ಮುಂದೆಯೇ ಬಂದು ನಿಂತರು. 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದಿತು. ಮರುವರ್ಷ ಚಿತ್ರಸಮಾಜ ಶುರುವಾಯಿತು. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ', ಕುರೊಸಾವಾನ 'ರಾಶೋಮನ್' ಇವನ್ನೆಲ್ಲ ತೋಟದ ಕೆಲಸ ಮುಗಿಸಿ ಬಂದವರು ಕೂತು ನೋಡಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು. 1985ರಲ್ಲಿ ತಿರುಗಾಟ ಹೊರಟಿತು. ಒಂದು ಹಳ್ಳಿಯ ತಂಡ ವರ್ಷ ವರ್ಷವೂ ಹೊಸ ನಾಟಕ ಹೊತ್ತು ನಾಡು ಸುತ್ತುವ ರೂಢಿ ಅಲ್ಲಿಂದ ಬೆಳೆಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಮ್ಮ ಸೀಮೆಯವರಿಗೆಲ್ಲ ತಮ್ಮ ಮನೆಗೇ ಬಂದಷ್ಟು ಸಂತೋಷ.

ಆದರೆ ಹೆಗ್ಗೋಡು ಎಂದರೆ ನನಗೆ ಮೊದಲು ನೆನಪಾಗುವುದು ಅಡಿಕೆ ಸುಲಿಯುವ ರಾತ್ರಿಗಳು. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು ಕೈಗೆ ಬಿಡುವು ಕೊಡದೆ ಮೊನ್ನೆ ನೋಡಿದ ನಾಟಕದ ಮಾತಾಡುತ್ತಿದ್ದರು. "ಅಷ್ಟು ದೊಡ್ಡ ರಾಜ, ಹೆಂಡ್ತಿ ಮಾತು ಕೇಳಿ ಮನೆಗೆ ಬಂದ ನೆಂಟನ್ನ ಕೊಂದ್ನಲೇ!" ಎಂದು ಒಬ್ಬಳು ಅಂದರೆ, "ಹೆಂಡ್ತಿ ಹೇಳಿದ್ದು ಹೌದು, ಮನಸ್ಸಲ್ಲಿ ಇದ್ದದ್ದು ಅವನಿಗೇ" ಎಂದು ಇನ್ನೊಬ್ಬಳು. ಮ್ಯಾಕ್‌ಬೆತ್‌ನ ಬಗ್ಗೆ ಅದಕ್ಕಿಂತ ಖಚಿತವಾದ ಮಾತನ್ನು ನಾನು ಆಮೇಲೆ ಎಲ್ಲೂ ಕೇಳಲಿಲ್ಲ. ಅರ್ಥವಾಗಲಿಲ್ಲ ಎಂದರೂ ನಾಚಿಕೆಯಿಲ್ಲದೆ ಹೇಳುತ್ತಿದ್ದರು. ಹಾಗೆಂದು ಮುಂದಿನ ನಾಟಕಕ್ಕೆ ಬರುವುದನ್ನು ಬಿಡುತ್ತಿರಲಿಲ್ಲ. ಸುಬ್ಬಣ್ಣನವರ ಧೈರ್ಯದಷ್ಟೇ ದೊಡ್ಡದು ಆ ಹೆಂಗಸರ ಧೈರ್ಯ. ನಿದ್ದೆಗೆಟ್ಟು, ಬಸ್ಸಿಲ್ಲದ ಹೊತ್ತಿನಲ್ಲಿ ನಡೆದು, ತಮಗೆ ಪರಿಚಯವಿಲ್ಲದ ಕಥೆಯ ಮುಂದೆ ಅವರು ಕೂತರು. ಅಪಾಯವನ್ನು ಊರು ಹಂಚಿಕೊಂಡಿತು.

ಆ ರಂಗಮಂದಿರಕ್ಕೆ ಯಾರ ಹೆಸರಿದೆಯೋ ಅವರೂ ಇದೇ ದಾರಿ ನಡೆದವರು. ಶಿವರಾಮ ಕಾರಂತರು ಯಕ್ಷಗಾನವನ್ನು ಮೊದಲು ಆಳವಾಗಿ ಅಭ್ಯಾಸ ಮಾಡಿದರು. ಆಮೇಲೆ ಅದರ ಅವಧಿಯನ್ನು ಇಳಿಸಿದರು, ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ತಂದರು. ಅದನ್ನು ಒಪ್ಪದವರು ಬಹಳ ಮಂದಿ. ಒಪ್ಪದವರಿಗೂ ಯಕ್ಷಗಾನ ಗೊತ್ತಿತ್ತು, ಆದ್ದರಿಂದ ಆ ಜಗಳಕ್ಕೊಂದು ತೂಕವಿತ್ತು.

ಹೆಣ್ಣುಮಕ್ಕಳ ಪಾಲಿಗೆ ಈ ಅಪಾಯದ ಬೆಲೆ ಇನ್ನೂ ಹೆಚ್ಚು. ಲೀಲಾವತಿ ಬೈಪಾಡಿತ್ತಾಯರು 1947ರಲ್ಲಿ ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದವರು. ಶಾಸ್ತ್ರೀಯ ಸಂಗೀತ ಕಲಿತು, ಮದುವೆಯಾದ ಮೇಲೆ ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ ಯಕ್ಷಗಾನದ ಹಾಡಿಕೆಗೆ ಬಂದರು. ಗಂಡಸರೇ ತುಂಬಿದ್ದ ತೆಂಕುತಿಟ್ಟಿನ ಮೇಳಗಳಲ್ಲಿ ಊರೂರು ತಿರುಗಿ, ರಾತ್ರಿಯೆಲ್ಲ ಜಾಗಟೆ ಹಿಡಿದು ಭಾಗವತಿಕೆ ಮಾಡಿದರು. ಬಯಲಿನಲ್ಲಿ ಕೂತ ಆ ಪ್ರೇಕ್ಷಕರಿಗೆ ಪ್ರಸಂಗ ಬಾಯಿಪಾಠ. ತಾಳ ಒಂದು ಅಕ್ಷರ ತಪ್ಪಿದರೂ ಸಿಕ್ಕಿಬೀಳಬೇಕು. ಭಾಗವತರ ಮಂಚದ ಮೇಲೆ ಒಬ್ಬ ಹೆಂಗಸು ಕೂತಾಗ ಅವರಿಗೆ ಆಶ್ಚರ್ಯವಾಗಿದ್ದೀತು, ಅನುಮಾನವೂ ಬಂದಿದ್ದೀತು. ಆ ಅನುಮಾನವನ್ನು ಕಳೆಯಲು ಅವರ ಬಳಿ ಇದ್ದದ್ದು ಹಾಡು ಮಾತ್ರ. ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಬಂದದ್ದು 2023ರಲ್ಲಿ, ಅವರು ತೀರಿಕೊಂಡದ್ದು 2024ರ ಡಿಸೆಂಬರಿನಲ್ಲಿ. ಇವತ್ತು ಕರಾವಳಿಯಲ್ಲಿ ಭಾಗವತಿಕೆ ಕಲಿಯುವ ಹುಡುಗಿಯರಿಗೆ ಇದು ಗಂಡಸರ ಕೆಲಸ ಎಂದು ಯಾರಾದರೂ ಹೇಳಿದರೆ, ತಿರುಗಿ ಹೇಳಲು ಒಂದು ಹೆಸರಿದೆ.

ಇದನ್ನು ನೆನೆದಾಗ ಮಾಶೆಯವರ ಕಥೆಯಲ್ಲೂ ನನಗೊಂದು ಪ್ರಶ್ನೆ ಏಳುತ್ತದೆ. ತಲೆಮಾರುಗಳಿಂದ ಹೆಂಗಸರು ಬರೆದ ಚಿತ್ರ ಒಬ್ಬ ಗಂಡಸಿನ ಹೆಸರಿನಿಂದ ಲೋಕಕ್ಕೆ ಗೊತ್ತಾಯಿತು. ಅವರ ದೊಡ್ಡತನದಲ್ಲಿ ನನಗೆ ಯಾವ ಸಂದೇಹವೂ ಇಲ್ಲ. ಆದರೆ ಬೆಳಗಿನಿಂದ ನೀರು, ಸೌದೆ, ನಾಟಿ, ಮಕ್ಕಳು ಎಂದು ದುಡಿಯುವ ಹೆಂಗಸಿಗೆ ಮದುವೆಯಿಲ್ಲದ ದಿನ ಕೂತು ಬರೆಯುವ ಬಿಡುವನ್ನು ಯಾರು ಕೊಡುತ್ತಿದ್ದರು? ಸಾಹಸಕ್ಕೆ ಗುಂಡಿಗೆ ಎಷ್ಟು ಬೇಕೋ ಹೊತ್ತೂ ಅಷ್ಟೇ ಬೇಕು. ನಮ್ಮ ಚಿತ್ತಾರಗಿತ್ತಿಯರಲ್ಲಿ ಹೊಸ ಗೆರೆಗಳಿರಲಿಲ್ಲವೆಂದು ನಾನು ನಂಬುವುದಿಲ್ಲ. ಮದುವೆ ಮುಗಿದ ಮಳೆಗಾಲದಲ್ಲಿ ಗೋಡೆ ನೆನೆದು ಅವು ಮಣ್ಣಾದವು, ಅಷ್ಟೇ.

ಈಗ ಐರೋಲಿಯ ಮಾತು. ನವಿ ಮುಂಬಯಿಯ ಈ ಭಾಗವನ್ನು ನೋಡಿದವರಿಗೆ ಸೆಕ್ಟರುಗಳು, ಎತ್ತರದ ಕಟ್ಟಡಗಳು, ಠಾಣೆ-ಬೇಲಾಪುರ ರಸ್ತೆಯ ಕಂಪನಿಗಳು ಕಾಣುತ್ತವೆ. 1970ರಲ್ಲಿ ಈ ನಗರವನ್ನು ಕಟ್ಟಿದ ಸಿಡ್ಕೊ ಹುಟ್ಟುವ ಮೊದಲೇ ಇಲ್ಲಿ ಐರೋಲಿ, ದಿವಾ ಎಂಬ ಹಳ್ಳಿಗಳಿದ್ದವು, ಈಗಲೂ ಇವೆ. ಆಗ್ರಿ, ಕೋಳಿ ಜನ ತಮ್ಮ ಗಾಂವದೇವಿಯ ಜಾತ್ರೆ ಮಾಡುತ್ತಾರೆ, ದಿವಾ ಕೋಳಿವಾಡದಿಂದ ದೋಣಿ ಖಾಡಿಗೆ, ಎಂದರೆ ಕಡಲ ಹಿನ್ನೀರಿಗೆ, ಇಳಿಯುತ್ತದೆ. ಇದರ ನಡುವೆ ನಮ್ಮ ಕನ್ನಡದವರದ್ದೂ ಒಂದು ಹಳ್ಳಿಯಿದೆ. ಅದಕ್ಕೆ ಎಲ್ಲೆಕಲ್ಲಿಲ್ಲ. ಯಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಯಾರ ಮಗನಿಗೆ ಕೆಲಸ ಸಿಕ್ಕಿತು, ಊರಿನಿಂದ ಯಾರ ಅತ್ತೆ ಬಂದಿದ್ದಾರೆ, ಎಲ್ಲವೂ ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಠಾಣೆಗೆ ಹೋಗಿ ಸೆಂಟ್ರಲ್ ಲೈನಿನ ಗಾಡಿ ಹಿಡಿದು ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಹೋದರೆ ಅಲ್ಲಿಯೂ ಪರಿಚಿತ ಮುಖಗಳೇ. 1926ರಷ್ಟು ಹಿಂದೆ ಶುರುವಾದ ಆ ಸಂಸ್ಥೆಯ ಸಭಾಂಗಣದಲ್ಲಿ ಕೂತಾಗ, ಕೋಟಿ ಜನರ ನಗರದಲ್ಲಿ ನಾವು ಎಷ್ಟು ಸಣ್ಣ ಊರಿನವರು ಎಂದು ನನಗೆ ಪ್ರೀತಿಯಿಂದಲೇ ಅನಿಸುತ್ತದೆ.

ಈ ಹಳ್ಳಿಯಲ್ಲಿ ಒಂದು ಮದುವೆ ಬಂತು. ಹೆಣ್ಣಿನ ಕಡೆಯವರು ನಮ್ಮ ತಾಲ್ಲೂಕಿನವರೇ. ಬಾಡಿಗೆ ಹಾಲ್ ಆದ್ದರಿಂದ ಗೋಡೆಗೆ ಬರೆಯುವಂತಿರಲಿಲ್ಲ. ಪ್ಲೈವುಡ್ ಹಲಗೆಗೆ ಕೆಮ್ಮಣ್ಣು ಬಳಿದು ಹಸೆ ಬರೆಯುವುದೆಂದಾಯಿತು. ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇದ್ದದ್ದನ್ನು ಆಗ ಕೈಗೆತ್ತಿಕೊಂಡೆ. ದಂಡಿಗೆ ಬರೆಯುವ ಕಡೆ ಠಾಣೆ-ವಾಶಿ ಲೋಕಲ್ ರೈಲನ್ನು ಬರೆದೆ. ಚಳಿಗಾಲಕ್ಕೆ ನಮ್ಮ ಖಾಡಿಯನ್ನು ತುಂಬುವ ರಾಜಹಂಸಗಳನ್ನು, ಇಲ್ಲಿಯವರು ಫ್ಲೆಮಿಂಗೋ ಎನ್ನುವ ಆ ಹಕ್ಕಿಗಳನ್ನು, ಎಳೆಗಳ ನಡುವೆ ತಂದೆ. ಅವುಗಳಿಗಾಗಿಯೇ 2015ರಲ್ಲಿ ಠಾಣೆ ಖಾಡಿಯನ್ನು ಅಭಯಾರಣ್ಯ ಮಾಡಿದ್ದಾರೆ. ನೋಡಿದವರೆಲ್ಲ ಫೋಟೋ ತೆಗೆದುಕೊಂಡರು. ಎಲ್ಲರ ಬಾಯಲ್ಲೂ ಒಳ್ಳೆಯ ಮಾತೇ.

ಮದುವೆಗೆಂದು ಊರಿನಿಂದ ಬಂದಿದ್ದ ದೊಡ್ಡಮ್ಮ ಮಾತ್ರ ಹಲಗೆಯ ಮುಂದೆ ಬಹಳ ಹೊತ್ತು ನಿಂತರು. ಮೊದಲು ಬೆರಳಿನಲ್ಲಿ ಎಳೆ ಎಣಿಸಿದರು. ಆಮೇಲೆ ರೈಲಿನ ಕಡೆ ನೋಡಿ, "ಇದು ಇರಲಿ. ಮದುಮಗಳು ದಂಡಿಗೇಲಿ ಬರಾ ಕಾಲ ಹೋಯ್ತು. ರೈಲಲ್ಲಿ ಬಂದ್ಲು, ರೈಲು ಬರೆದೆ" ಎಂದರು. ಹಕ್ಕಿಗಳ ಹತ್ತಿರ ಬಂದಾಗ ಅವರ ಬೆರಳು ನಿಂತಿತು. "ಇವು ಯಾರ ಕಡೆ ನೆಂಟ್ರು?"

ಚಳಿ ಬಂದಾಗ ಕಚ್ಛದ ಕಡೆಯಿಂದ ಬರುತ್ತವೆ, ಮಳೆ ಹತ್ತಿರವಾದಾಗ ಹೊರಡುತ್ತವೆ, ನಮ್ಮ ಹಾಗೆ ಹೊಟ್ಟೆಪಾಡಿಗೆ ಬಂದವು ಎಂದೆ. ದೊಡ್ಡಮ್ಮ ಯೋಚಿಸಿದರು. "ಹಂಗಾದ್ರೆ ಒಳಗೆ ಯಾಕೆ ಕೂರಿಸಿದೆ? ಎಳೆ ಹೊರಗೆ, ಬಾಗ್ಲ ಹತ್ರ ಬರಿ. ದಿಬ್ಬಣ ನೋಡಕ್ಕೆ ಬಂದಾವೆ ಅಂತ ಆಗ್ತದೆ. ಒಳಗೆ ಇರೋರು ಮದ್ವೆಗೆ ಏನಾದ್ರೂ ಆಗಬೇಕು ತಂಗಿ, ಸುಮ್ನೆ ಚೆಂದಕ್ಕೆ ಇರಬಾರ್ದು."

ನಾವಿಬ್ಬರೂ ಆ ಸಂಜೆ ಹಕ್ಕಿಗಳ ಬಗ್ಗೆ ವಾದ ಮಾಡಿದೆವು. ಒಂದು ಸಾಲನ್ನು ಹೊರಗೆ ತಂದೆ, ಒಂದು ಜೋಡಿಯನ್ನು ಒಳಗೇ ಉಳಿಸಿಕೊಂಡೆ. ದೊಡ್ಡಮ್ಮ ಆ ಜೋಡಿಯನ್ನು ಪೂರ್ತಿ ಒಪ್ಪಲಿಲ್ಲ, ಆದರೆ ತಾವೇ ಕುಂಚ ಹಿಡಿದು ಅವುಗಳ ಸುತ್ತ ಒಂದು ಎಳೆ ಎಳೆದರು. ನನ್ನ ಚಿತ್ರಕ್ಕೆ ಸಿಕ್ಕಿದ ಅತ್ಯಂತ ದೊಡ್ಡ ಮರ್ಯಾದೆ ಅದು. ಚೆನ್ನಾಗಿದೆ ಎಂದವರು ಮುಂದಕ್ಕೆ ಹೋದರು. ಯಾರ ಕಡೆಯ ನೆಂಟರು ಎಂದು ಕೇಳಿದವರು ನನ್ನ ಜೊತೆ ಕೂತರು. ರೈಲಿಗೆ ಒಳಗೆ ಬರುವ ಹಕ್ಕು ಏಕಿದೆ, ಹಕ್ಕಿಗೆ ಏಕಿಲ್ಲ ಎಂದು ವಿಂಗಡಿಸಬಲ್ಲ ಆ ತಿಳಿವಳಿಕೆ ಯಾವ ಶಾಲೆಯಲ್ಲೂ ಬಂದದ್ದಲ್ಲ. ಗೋಡೆ ಗೋಡೆಯ ಮುಂದೆ ಕೂತು ಬಂದದ್ದು.

ಗೆದ್ದ ಪ್ರಯೋಗಕ್ಕೂ ಒಂದು ಅಪಾಯವಿದೆ. ಮಾಶೆಯವರ ನಂತರ ಡಹಾಣು ಸೀಮೆಯ ಎಷ್ಟೋ ಯುವಕರು ಚಿತ್ರದಿಂದ ಅನ್ನ ಕಂಡುಕೊಂಡರು. ಅದು ದೊಡ್ಡ ಮಾತು. ಆದರೆ ಇವತ್ತು ವರ್ಲಿಯ ತ್ರಿಕೋನದ ಮನುಷ್ಯರು ಚಹಾ ಕಪ್ಪಿನ ಮೇಲೆ, ಹೊದಿಕೆಯ ಮೇಲೆ, ಮೇಲ್ಸೇತುವೆಯ ಕಂಬದ ಮೇಲೆ ಒಂದೇ ಸುತ್ತಿನಲ್ಲಿ ಕುಣಿಯುತ್ತಿದ್ದಾರೆ. ಕೊಳ್ಳುವವರು ಅದನ್ನೇ ಕೇಳುತ್ತಾರೆ, ಬರೆಯುವವರು ಅದನ್ನೇ ಬರೆಯಬೇಕಾಗುತ್ತದೆ. ಒಮ್ಮೆ ಸಾಹಸವಾಗಿದ್ದದ್ದು ಹೀಗೆ ಹೊಸ ಕಟ್ಟುಪಾಡಾಗುತ್ತದೆ. ಆ ಕಟ್ಟುಪಾಡನ್ನು ಹಾಕಿದವರು ಊರಿನ ಹಿರಿಯರಲ್ಲ, ದೂರದ ಅಂಗಡಿಯವರು. ದೊಡ್ಡಮ್ಮನ ಜೊತೆ ವಾದ ಮಾಡಬಹುದು, ಅಂಗಡಿಯ ಆರ್ಡರಿನ ಜೊತೆ ಮಾಡಲಾಗುವುದಿಲ್ಲ. ನಮ್ಮ ಹಸೆ ಚಿತ್ತಾರವೂ ಈಗ ಚೌಕಟ್ಟಿನೊಳಗೆ ಸೇರಿ ಮಾರಾಟಕ್ಕೆ ಬಂದಿದೆ. ಬರೆಯುವ ಹೆಂಗಸಿನ ಕೈಗೆ ದುಡ್ಡು ಬರಬೇಕು, ಅವಳ ಹೆಸರು ಚಿತ್ರದ ಕೆಳಗೆ ಬರಬೇಕು. ಹತ್ತು ಬುಟ್ಟಿ ಮಾರಾಟಕ್ಕೆ ಬರೆದ ಮೇಲೆ ಹನ್ನೊಂದನೆಯದನ್ನು ತನಗೆ ತೋಚಿದ ಹಾಗೆ ಬರೆಯುವ ಹೊತ್ತೂ ಅವಳಿಗೆ ಸಿಗಬೇಕು.

ಭಾನುವಾರ ನಮ್ಮ ಮನೆಗೆ ಒಂದಷ್ಟು ಕನ್ನಡದ ಮಕ್ಕಳು ಚಿತ್ತಾರ ಕಲಿಯಲು ಬರುತ್ತಾರೆ. ಐರೋಲಿಯಲ್ಲೇ ಹುಟ್ಟಿದವರು, ಮರಾಠಿಯಲ್ಲಿ ಜಗಳವಾಡಿ ಕನ್ನಡದಲ್ಲಿ ದೂರು ಹೇಳುವವರು. ಮೊದಲ ದಿನವೇ ರಾಕೆಟ್ ಬರೆಯಲೇ, ಸ್ಪೈಡರ್‌ಮ್ಯಾನ್ ಬರೆಯಲೇ ಎಂದು ಕೇಳುತ್ತಾರೆ. ಬರಿ, ಆದರೆ ಮೊದಲು ಎಳೆ ಎನ್ನುತ್ತೇನೆ. ಅಕ್ಕಿ ನೆನೆಸಿ ಅರೆಯಿಸುತ್ತೇನೆ. ನಾರಿನ ಕುಂಚದಿಂದ ನೇರ ಗೆರೆ ಎಳೆಯುವುದಕ್ಕೇ ಬಹಳ ವಾರ ಹಿಡಿಯುತ್ತದೆ. ಪಾಲಕರಲ್ಲಿ ಕೆಲವರು, ಮಕ್ಕಳ ಕಲ್ಪನೆಗೆ ಕಡಿವಾಣ ಹಾಕಿದಂತಾಗುವುದಿಲ್ಲವೇ ಎಂದು ಕೇಳಿದ್ದಾರೆ. ನಾನು ಈ ಮಕ್ಕಳಿಗೆ ಕಟ್ಟುಪಾಡು ಕಲಿಸುತ್ತಿರುವುದು ಅವರು ಮುಂದೆ ಅದನ್ನು ಮುರಿದಾಗ ಮುರಿದದ್ದು ಅವರಿಗೇ ತಿಳಿಯಲಿ ಎಂದು. ಅವರಲ್ಲಿ ಎಲ್ಲರೂ ಚಿತ್ತಾರಗಾರರಾಗುವುದಿಲ್ಲ. ಆದರೆ ಇನ್ನೊಬ್ಬರು ಹೊಸದಾಗಿ ಬರೆದದ್ದರ ಮುಂದೆ ನಿಂತು, ಎಳೆ ಎಣಿಸಿ, ಸರಿಯಾದ ಪ್ರಶ್ನೆ ಕೇಳಬಲ್ಲವರು ಆಗುತ್ತಾರೆ. ಐರೋಲಿಯ ನಮ್ಮ ಹಳ್ಳಿಗೆ ಅಂಥವರು ಬೇಕು. ಅವರಿಲ್ಲದೆ ಹೋದರೆ ನಾನು ಏನು ಬರೆದರೂ ನಡೆಯುತ್ತದೆ, ಆ ಸ್ವಾತಂತ್ರ್ಯ ನನಗೆ ಬೇಡ.

ಚಿಕ್ಕ ಊರಿನಲ್ಲಿ ಹೊಸದಕ್ಕೆ ಕೈಹಾಕುವವರಿಗೆ ನಾನು ಹೇಳುವುದು ಇಷ್ಟು. ಮೊದಲು ಬಲ್ಲವರಿಗೆ ತೋರಿಸಿ, ಹೊರಗಿನವರ ಹೊಗಳಿಕೆ ಆಮೇಲೆ ಇದ್ದೇ ಇದೆ. ಅವರು ಬೇಡ ಎಂದರೆ ಏಕೆ ಎಂದು ಕೇಳಿ, ಆ ಕಾರಣದ ಜೊತೆ ಹೆಣಗಿ, ಆಮೇಲೆ ನಿಮ್ಮ ಮನಸ್ಸು ಹೇಳಿದ್ದನ್ನು ಮಾಡಿ. ಊರಿನವರಲ್ಲಿಯೂ ನನ್ನದೊಂದು ಕೋರಿಕೆಯಿದೆ. ಮೊದಲ ಸಲ ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದೇ ಹೇಳಿ. ಎರಡನೆಯ ಸಲ ಕರೆದಾಗ ಮಾತ್ರ ಬನ್ನಿ, ಬಂದು ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ. ಹೆಗ್ಗೋಡಿನ ಸುತ್ತಲಿನ ಹೆಂಗಸರು ಮಾಡಿದ್ದು ಅದನ್ನೇ. ಒಂದು ಊರು ತನ್ನ ಕಲಾವಿದರಿಗೆ ಅದಕ್ಕಿಂತ ದೊಡ್ಡದನ್ನು ಕೊಡಬೇಕಾಗಿಲ್ಲ.